ನಾನೇ ಮಾರಿದ ಜೀರಿಗೆ

“ಏನಮ್ಮಾ ಇದು? ಪಾತ್ರೆ ತೊಳೆದ ನೀರನ್ನ ಕುಡಿಯೋಕೆ ಕೊಡ್ತೀರಾ?” ಎಂದು ನಾನು ಕೂಗಿದಾಗ ಗುಂಡ್ಲುಪೇಟೆಯ ಆ ಪುಟ್ಟ ಹೋಟೆಲಿನಲ್ಲಿ ಉಣ್ಣುತ್ತಿದ್ದವರೆಲ್ಲ ತಲೆಯೆತ್ತಿದರು. ನನ್ನ ಲೋಟದಲ್ಲಿ ಹಳದಿ ಬಣ್ಣದ ಬಿಸಿನೀರಿತ್ತು. ಪಕ್ಕದ ಮೇಜಿನ ಲಾರಿ ಡ್ರೈವರುಗಳಿಬ್ಬರು ತಮ್ಮ ಲೋಟಗಳನ್ನೂ ದೂರ ಸರಿಸಿದರು.

ಹೋಟೆಲಿನ ಒಡತಿ ಓಡಿ ಬಂದರು. “ಜೀರಿಗೆ ಕುದಿಸಿದ ನೀರು ಕಣ್ ಸಾರ್. ಕೇರಳದ ಗಿರಾಕಿಗಳು ಇದ್ನೇ ಕೇಳ್ತಾರೆ. ಓದ್ ವಾರ ನೀವೇ ಕೊಟ್ಟೋದ್ರಲ್ಲ, ಅದೇ ಜೀರಿಗೆ!”

ನಾನು ಚಾಮರಾಜನಗರದ ಮಸಾಲೆ ವ್ಯಾಪಾರಿಯೊಬ್ಬರ ಸೇಲ್ಸ್‌ಮನ್. ಸಾಂಬಾರ್ ಪುಡಿಗೆ, ಬೇಕರಿ ಬಿಸ್ಕತ್ತಿಗೆ, ಸೋಡಾಕ್ಕೆ, ಆಯುರ್ವೇದದ ಔಷಧಿಗೆ, ಎಲ್ಲಕ್ಕೂ ನಮ್ಮ ಜೀರಿಗೆಯೇ ಆಗಬೇಕು, ಅದರ ಘಮವೇ ಬೇರೆ ಎಂದು ಊರೂರು ಹೇಳಿಕೊಂಡು ತಿರುಗುವವನು. ಆ ಘಮ ಮೂಗಿನ ಕೆಳಗೇ ಇದ್ದರೂ ನನಗೆ ಗೊತ್ತಾಗಿರಲಿಲ್ಲ. ಮೆಲ್ಲಗೆ “ಸಾರಿ” ಎಂದೆ.

“ನಂಗೇಳಿ ಏನ್ ಬಂತು? ಆಗ ಕೂಗಿದಂಗೇ ಇನ್ನೊಂದ್ಸಲ ಕೂಗೇಳಿ, ಲೋಟ ಸರ್ಸುದ್ರಲ್ಲ, ಅವ್ರೂ ಕೇಳಿಸ್ಕಳ್ಳಿ” ಎಂದರು ಆಕೆ.

ಎದ್ದು ನಿಂತು “ಸಾರಿ, ಇದು ಜೀರಿಗೆ ನೀರು” ಎಂದು ಕೂಗಿ ಹೇಳಿದೆ, ಲೋಟ ಬರಿದು ಮಾಡಿಯೂ ತೋರಿಸಿದೆ. ಡ್ರೈವರುಗಳು ನಗುತ್ತ ತಮ್ಮ ಲೋಟ ಎತ್ತಿಕೊಂಡರು.

ಆಕೆ ಈಗಲೂ ನಮ್ಮ ಗಿರಾಕಿಯೇ. ಆದರೆ ನಾನು ಊಟಕ್ಕೆ ಕುಳಿತಾಗಲೆಲ್ಲ, “ಸಾರ್, ಇದು ಜೀರಿಗೆ ನೀರು” ಎಂದು ಇಡೀ ಹೋಟೆಲಿಗೆ ಕೇಳುವಂತೆ ಹೇಳಿಯೇ ಲೋಟ ಇಡುತ್ತಾರೆ.