ಏಳದ ಎರಡನೆಯ ಕೋರ್

ಕಂಪ್ಯೂಟರ್ ಮತ್ತೆ ತನ್ನಷ್ಟಕ್ಕೆ ತಾನೇ ಆಫ್ ಆಗಿ ಆನ್ ಆಯಿತು. ಅನುಪಮಾ ಕೀಬೋರ್ಡನ್ನು ಅತ್ತ ತಳ್ಳಿದಳು.

ಅವಳು ಲಿಂಗಸೂಗೂರಿನ ಒಂದು ಖಾಸಗಿ ಪಾಲಿಟೆಕ್ನಿಕ್‌ನಲ್ಲಿ ಉಪನ್ಯಾಸಕಿ. ಮಸ್ಕಿಯಿಂದ ದಿನಾ ಬಸ್ಸಿನಲ್ಲಿ ಓಡಾಟ. ಕಂಪ್ಯೂಟರ್ ಆನ್ ಆದ ಕೂಡಲೇ ಅದರ ಹಿಡಿತ ತೆಗೆದುಕೊಳ್ಳುವ ಮೂಲ ತಂತ್ರಾಂಶಕ್ಕೆ ಕರ್ನಲ್ ಎನ್ನುತ್ತಾರೆ. ಅಂಥದ್ದೊಂದು ಚಿಕ್ಕ ಕರ್ನಲ್ಲನ್ನು ದೇಶದೇಶದ ಹವ್ಯಾಸಿಗಳು ಸೇರಿ ಬರೆದು, ಯಾರು ಬೇಕಾದರೂ ಓದಿ ತಿದ್ದಲೆಂದು ಬಿಟ್ಟಿದ್ದರು. ಅನುಪಮಾ ಅದನ್ನು ಲ್ಯಾಬಿಗೆ ತಂದು ಹುಡುಗರಿಗೆ ಪಾಠ ಮಾಡುತ್ತಿದ್ದಳು. ಹೋದ ವರ್ಷ ಚೆನ್ನಾಗಿಯೇ ನಡೆದಿತ್ತು. ರಜೆ ಮುಗಿಸಿ ಬಂದು ನೋಡಿದರೆ ಈ ಗತಿ. ಪ್ರೊಸೆಸರಿನೊಳಗೆ ಲೆಕ್ಕ ಮಾಡುವ ಒಂದೊಂದು ಘಟಕಕ್ಕೂ ಕೋರ್ ಎನ್ನುತ್ತಾರೆ; ಅದರಲ್ಲಿ ಮೊದಲ ಕೋರ್ ಏಳುತ್ತಿತ್ತು. ಅದು ಎರಡನೆಯದನ್ನು ಎಬ್ಬಿಸಲು ಹೋದದ್ದೇ ತಡ, ಇಡೀ ಯಂತ್ರ ಮೊದಲಿನಿಂದ ಶುರುವಾಗುತ್ತಿತ್ತು. ಒಂದು ದೋಷದ ಸಾಲೂ ಪರದೆಯ ಮೇಲೆ ಮೂಡುತ್ತಿರಲಿಲ್ಲ.

ವಿಭಾಗದ ಮುಖ್ಯಸ್ಥ ಶಿವಕಾಂತ ಬಾಗಿಲಲ್ಲೇ ನಿಂತು ಕೇಳಿದ. "ಮೇಡಂ, ಒಂದ ಕೋರಿನ ಮ್ಯಾಲ ನಡೀತೈತಿ ಅಂತೀರಿ. ಅಷ್ಟರಾಗ ಪಾಠ ಮುಗಸ್ರಿ."

"ಸರ್, ಎರಡು ಕೋರ್ ಕೂಡೇ ಮೆಮೊರಿದಾಗ ಒಂದ ಜಾಗಕ್ಕ ಕೈ ಹಾಕಿದ್ರ ಏನಾಕೈತಿ ಅನ್ನೋದ ಪಾಠ ರೀ. ಒಂದ ಇದ್ರ ಅದು ಯಾರ ಕೂಡ ಜಗಳಾಡಬೇಕು?"

ಶಿವಕಾಂತ ನಗಲಿಲ್ಲ. "ಹಂಗಾರ ಲ್ಯಾಬಿನ ಮಿಷನ್‍ದಾಗ ಬ್ಯಾರೆ ಸಾಫ್ಟ್‌ವೇರ್ ಏನರ ಹಾಕಸ್ತೀನಿ. ಪರೀಕ್ಷಾ ಸಮೀಪ ಬಂದಾವ," ಎಂದು ಹೋದ.

ಅನುಪಮಾ ಕರ್ನಲ್ ಬರೆದವರನ್ನು ಮೇಲ್ ಮಾಡಿ ಕೇಳಿದಳು. 'ನಮ್ಮಲ್ಲಿ ಹಾಗಾಗುತ್ತಿಲ್ಲ, ನಿಮ್ಮ ಯಂತ್ರವೇ ಕೆಟ್ಟಿರಬೇಕು' ಎಂದು ಉತ್ತರ ಬಂತು. ಲ್ಯಾಬಿನ ಅಷ್ಟೂ ಯಂತ್ರಗಳು ಒಂದೇ ರೀತಿ ಕೆಡುತ್ತವೆಯೇ? ಪರದೆಯನ್ನು ನಂಬಿ ಉಪಯೋಗವಿಲ್ಲವೆಂದು ಯಂತ್ರದ ಹಿಂದಿನ, ಅಕ್ಷರಗಳನ್ನು ಒಂದೊಂದಾಗಿ ಹೊರಗೆ ಕಳಿಸುವ ಹಳೆಯ ಸೀರಿಯಲ್ ಪೋರ್ಟಿನಿಂದ ತನ್ನ ಲ್ಯಾಪ್‌ಟಾಪಿಗೆ ತಂತಿ ಎಳೆಯಲು ಹೊರಟಳು. ತಂತಿ ಮಾಡಿಸಲು ಒಂದು ಭಾನುವಾರ ಸಿಂಧನೂರಿನ ಶಾಕೀರ್‌ನ ರಿಪೇರಿ ಅಂಗಡಿಗೆ ಹೋದಳು. ಮೊದಲ ಸಲ ಅವನು ಕಳಿಸುವ ತುದಿಯನ್ನು ಪಡೆಯುವ ತುದಿಗೆ ಜೋಡಿಸುವ ಬದಲು ಕಳಿಸುವ ತುದಿಗೇ ಜೋಡಿಸಿಬಿಟ್ಟಿದ್ದ. ಮತ್ತೊಂದು ಭಾನುವಾರ ಅದಕ್ಕೇ ಹಾಳಾಯಿತು.

ತಂತಿ ಸರಿಯಾದ ಮೇಲೆ, ಎರಡನೆಯ ಕೋರ್ ಏಳುವ ಪ್ರತಿ ಹಂತಕ್ಕೂ ಒಂದೊಂದು ಅಕ್ಷರ ಕಳಿಸುವಂತೆ ಕೋಡ್ ಬರೆದಳು. ಎ ಬಂತು, ಬಿ ಬಂತು, ಸಿ ಬಂತು. ಅಲ್ಲಿಗೆ ಯಂತ್ರ ಸತ್ತು ಹುಟ್ಟಿತು. ಸಿ ಆದಮೇಲಿನ ಹಂತವೆಂದರೆ, ಮೆಮೊರಿಯ ಯಾವ ಭಾಗ ಎಲ್ಲಿದೆ ಎಂದು ತಿಳಿಸುವ ಕೋಷ್ಟಕದ ವಿಳಾಸವನ್ನು ಆ ಕೋರ್‌ಗೆ ಕೊಡುವುದು. ಆ ನಾಲ್ಕಾರು ಸಾಲುಗಳನ್ನು ಬಾಯಿಪಾಠವಾಗುವಷ್ಟು ಓದಿದಳು. ತಪ್ಪು ಕಾಣಲಿಲ್ಲ.

ಮನೆಯಲ್ಲಿ ಅಪ್ಪ ಅಂಬಪ್ಪ, ಹಟ್ಟಿ ಚಿನ್ನದ ಗಣಿಯಿಂದ ನಿವೃತ್ತನಾದವನು, ತಟ್ಟೆಯಲ್ಲಿ ಆರಿದ ರೊಟ್ಟಿ ನೋಡಿ, "ಯವ್ವಾ, ಊಟಾನಾದ್ರೂ ಮಾಡು. ಅದು ಎಲ್ಲಿ ಓಡಿ ಹೋಗತೈತಿ?" ಎಂದ.

"ಓಡೋದಲ್ಲಪ್ಪ, ಏಳವಲ್ದು," ಎಂದು ರೇಗಿದಳು. ರೇಗಿದ್ದಕ್ಕೆ ಆಮೇಲೆ ಬೇಜಾರಾಯಿತು.

ಮರುದಿನ, ಬೇರೇನೂ ತೋಚದೆ, ಒಂದು ಯಂತ್ರವನ್ನು ಬಿಚ್ಚಿ ರ್‍ಯಾಮ್ ಬದಲಿಸಿ ನೋಡಿದಳು. ಕಪಾಟಿನಲ್ಲಿ ಬಿದ್ದಿದ್ದ ಎರಡು ಜಿಬಿಯ ಹಳೆಯದನ್ನು ಹಾಕಿದ ಕೂಡಲೇ ಎಲ್ಲ ಕೋರ್‌ಗಳೂ ಎದ್ದು ಕೂತವು. ಅಂದರೆ ತೆಗೆದದ್ದೇ ಕೆಟ್ಟಿದೆ ಎಂದುಕೊಂಡಳು. ಪಕ್ಕದ ಯಂತ್ರದಿಂದ ಎಂಟು ಜಿಬಿಯ ಇನ್ನೊಂದು ರ್‍ಯಾಮ್ ಕಿತ್ತು ತಂದು ಹಾಕಿದಳು. ಮತ್ತೆ ಸತ್ತಿತು. ಆಗ ಹೊಳೆಯಿತು: ರ್‍ಯಾಮ್ ಕೆಟ್ಟಿಲ್ಲ, ಅದು ದೊಡ್ಡದಾಗಿದೆ, ಅಷ್ಟೆ. ರಜೆಯಲ್ಲಿ ಕಾಲೇಜಿನವರು ಎಲ್ಲ ಯಂತ್ರಗಳಿಗೂ ದೊಡ್ಡ ರ್‍ಯಾಮ್ ಹಾಕಿಸಿದ್ದರು. ಮೆಮೊರಿ ಜಾಸ್ತಿಯಾದ ಮೇಲೆ ಕರ್ನಲ್ ಆ ಕೋಷ್ಟಕವನ್ನು ನಾಲ್ಕು ಜಿಬಿಯ ಆಚೆಗೆ ಇಡುತ್ತಿತ್ತು. ಆಗಷ್ಟೇ ಏಳುತ್ತಿರುವ ಕೋರ್‌ಗೆ ಅಷ್ಟು ಉದ್ದದ ವಿಳಾಸ ಹಿಡಿಯುವ ಶಕ್ತಿ ಇರುವುದಿಲ್ಲ. ಅರ್ಧ ವಿಳಾಸ ಹಿಡಿದು, ಇಲ್ಲದ ಕಡೆ ಹೋಗಿ ಬೀಳುತ್ತಿತ್ತು. ಕರ್ನಲ್ ಬರೆದವರ ಯಂತ್ರಗಳಲ್ಲಿ ಮೆಮೊರಿ ಕಡಿಮೆ ಇದ್ದಿರಬೇಕು, ಅದಕ್ಕೇ ಅವರಿಗೆ ಇದು ಕಂಡಿರಲಿಲ್ಲ.

ಕೋಷ್ಟಕವನ್ನು ಕೆಳಗಿನ ಮೆಮೊರಿಯಲ್ಲೇ ಇಡುವಂತೆ ತಿದ್ದಿದಳು. ಸಿ ಆದಮೇಲೆ ಡಿ ಬಂತು. ಅವಳಿಗೆ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಾಯಿತು. ಇಷ್ಟಕ್ಕೆ ಇಷ್ಟು ದಿನವೇ ಎಂದು.

ತಿದ್ದುಪಡಿಯನ್ನು ಕರ್ನಲ್ ಬರೆದವರಿಗೆ ಕಳಿಸಿದರೆ, ಅದನ್ನು ಎರಡು ಭಾಗ ಮಾಡಿ ಎಂದರು. ಮಾಡಿದಳು. ಕೋಡಿನ ಸಾಲುಗಳ ಅಂಚು ಸರಿಯಿಲ್ಲ ಎಂದರು. ಸರಿಮಾಡಿದಳು. ಕೊನೆಗೆ ಒಪ್ಪಿಗೆಯ ಮೇಲ್ ಬಂದಾಗ ಅವಳು ಬಸ್ಸಿನಲ್ಲಿದ್ದಳು. ಕಾಲೇಜಿಗೆ ಹೋಗಿ ಲ್ಯಾಬಿನ ಬಾಗಿಲು ತೆಗೆದರೆ ಎಲ್ಲ ಪರದೆಗಳ ಮೇಲೂ ಬೇರೆ ತಂತ್ರಾಂಶ. ಅವಳ ಕರ್ನಲ್ ಎಲ್ಲೂ ಇರಲಿಲ್ಲ.

"ಹೇಳಿದ್ನೆಲ್ರಿ ಮೇಡಂ, ಪರೀಕ್ಷಾ ಅಂತ," ಎಂದ ಶಿವಕಾಂತ. "ಮುಂದಿನ ಸೆಮಿಸ್ಟರ್‌ಗೆ ನೋಡೂಣಂತ."

"ಒಂದ ಮಿಷನ್ ಕೊಡ್ರಿ ಸರ್. ಮೂಲ್ಯಾಗಿಂದು. ನನ್ನ ಕರ್ನಲ್ ಅದರಾಗ ಹಾಕ್ತೀನಿ."

"ಅದರ ಫ್ಯಾನ್ ಸದ್ದು ಮಾಡತೈತಿ."

"ಮಾಡ್ಲಿ ಬಿಡ್ರಿ," ಎಂದು ಅನುಪಮಾ ಚೀಲ ಕೆಳಗಿಟ್ಟು, ಮೂಲೆಯ ಯಂತ್ರದ ಮುಂದೆ ಕುರ್ಚಿ ಎಳೆದುಕೊಂಡಳು.