ಆರಿದ ಕಾಫಿಯ ಲಾಗ್

ಮಂಡ್ಯದ ಕಾಲೇಜಿನಲ್ಲಿ ನಮಗೆ ಕಂಪ್ಯೂಟರಿನಲ್ಲಿ ಗಣಿತದ ಮಾದರಿ ಕಟ್ಟಲು ಕಲಿಸಿದ ಮೇಷ್ಟ್ರು ದಿನಕ್ಕೆ ಹತ್ತು ಸಲ ಒಂದೇ ಮಾತು ಹೇಳುತ್ತಿದ್ದರು: "ನ್ಯಾಚುರಲ್ ಲಾಗ್‌ಗೆ ಸೊನ್ನೆ ಕೊಡ್‌ಬ್ಯಾಡ್ರಲಾ, ಉಸಿರು ಕಟ್ತದೆ!" ಹಾಗೆನ್ನುವಾಗ ತಮ್ಮ ಗಂಟಲನ್ನೇ ಹಿಡಿದುಕೊಳ್ಳುತ್ತಿದ್ದರು. ಸೊನ್ನೆಗೆ ಲಾಗ್ ಎಂಬ ಬೆಲೆಯೇ ಇಲ್ಲ; ಕೊಟ್ಟರೆ ಲೆಕ್ಕ ಅಲ್ಲೇ ನಿಲ್ಲುತ್ತಿತ್ತು.

ಒಮ್ಮೆ ಕಾಫಿ ಆರುವ ಬಗೆ ತೋರಿಸಲು ಬಿಸಿ ಲೋಟ ತರಿಸಿದರು. ಆಗಾಗ ಕಾಫಿಯ ಉಷ್ಣತೆ ಅಳೆದು, ಅದರಲ್ಲಿ ಕೋಣೆಯ ಉಷ್ಣತೆ ಕಳೆದು, ಉಳಿದದ್ದನ್ನು ಲಾಗ್‌ಗೆ ಕೊಡಬೇಕಿತ್ತು. ನಡುವೆ ಅವರ ಊರು ದುದ್ದದ ಕತೆ ಶುರುವಾಯಿತು. ಮುಗಿಯುವಷ್ಟರಲ್ಲಿ ಕಾಫಿ ಪೂರ್ತಿ ಆರಿ ಕೋಣೆಯ ಉಷ್ಣತೆಗೇ ಇಳಿದಿತ್ತು. ಕೊನೆಯ ಅಳತೆ ಹಾಕಿದ್ದೇ ತಡ, ಪರದೆಯ ಮೇಲೆ ತಪ್ಪೆಂದು ಕೆಂಪಕ್ಷರ ಬಂತು.

"ಸಾರ್, ಸೊನ್ನೆ ಕೊಟ್‌ಬುಟ್ರಿ," ಎಂದೆ.

ಮೇಷ್ಟ್ರು ತಣ್ಣನೆಯ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದರು. "ಇನ್ನೊಂದು ತರ್ಸಿ. ಈ ಸಲ ಬಾಯಿ ಬುಡಾಕಿಲ್ಲ ಕಣ್ರಲಾ."

ಲೋಟ ಬಂತು. ಮೊದಲ ಅಳತೆ ಬರೆದುಕೊಂಡರು. "ನಮ್ ದುದ್ದದಲ್ಲಿ ಕಾಫಿ ಅಂದ್ರೆ..." ಎಂದು ಅವರು ಶುರುಮಾಡಿದ್ದೇ, ನಾವು ಲೋಟದ ಮೇಲೆ ತಟ್ಟೆ ಮುಚ್ಚಿದೆವು.