ಔಷಧಿ ಕಾಣದ ಮರ

ತೋಟಗಾರಿಕೆ ಇಲಾಖೆಯ ಸರ್ವೆ ಮಾಡುವ ಗಂಗಾಧರ್ ತೋಟಕ್ಕೆ ಕಾಲಿಟ್ಟರೆ ರೈತರು ಬೇರಿಗೆ ಔಷಧಿ ಉಣಿಸಿದ ತೆಂಗಿನಮರ ತೋರಿಸಲು ಮುಂದಾಗುತ್ತಾರೆ, ಅವನಿಗೋ ಔಷಧಿ ಕಾಣದ ಮರವೇ ಬೇಕು. "ಇದ್ರ ಅಣ್ತಮ್ಮ ಎಲ್ಲಿ?" ಎನ್ನುತ್ತಾನೆ. ಅದೇ ವಯಸ್ಸು, ಅದೇ ಮಣ್ಣು, ಅದೇ ನೀರಿನ ಇನ್ನೊಂದು ಮರ ಸಿಗುವವರೆಗೆ ಕೊಟ್ಟ ಕಾಫಿಯನ್ನೂ ಮುಟ್ಟುವುದಿಲ್ಲ. ಮಾರ್ಕೋನಹಳ್ಳಿ ನಾಲೆ ಪಕ್ಕದವರು ಚೆನ್ನಾಗಿರುವ ಮರಕ್ಕೇ ಔಷಧಿ ಹಾಕಿ ಹೊಗಳುತ್ತಾರೆ, ಹಾಗಲವಾಡಿಯವರು ಸಾಯುವ ಮರಕ್ಕೆ ಹಾಕಿ ಬೈಯುತ್ತಾರೆ, ಇಬ್ಬರನ್ನೂ ನಂಬುವ ಹಾಗಿಲ್ಲ ಎಂಬುದು ಅವನ ವಾದ. ಮದುವೆ ಊಟದಲ್ಲಿ ಯಾರಾದರೂ ಸಕ್ಕರೆ ಕಾಯಿಲೆಯ ಕಷಾಯ ಹೊಗಳಿದರೆ, "ಕುಡಿದೋರು ವಾಕಿಂಗೂ ಹೋಗ್ತಿದ್ರಾ?" ಎಂದು ಶುರುಮಾಡಿ ಸಾಲಿನವರೆಲ್ಲರ ಪಾಯಸ ಆರಿಸಿಬಿಡುತ್ತಾನೆ. ಆದರೆ "ಓದಿದ್ದಕ್ಕೇ ಉದ್ಧಾರ ಆದೆ ಕಣಪ್ಪ" ಎಂದು ಅವನನ್ನೇ ಹೊಗಳಿದರೆ ಏನೂ ಕೇಳದೆ ಪಾಯಸಕ್ಕೆ ಕೈಹಾಕುತ್ತಾನೆ. ಹುಟ್ಟೂರು ಕೋರದಲ್ಲಿ ರಾಗಿ ಹೊಲ ನೋಡಿಕೊಂಡು ಅವನ ಅವಳಿ ಅಣ್ಣ ಶಶಿಧರ್ ಇದ್ದಾನೆ. ಅದೇ ತಾಯಿ, ಅದೇ ಮುದ್ದೆ. "ನಿನ್ ಕೈಲಿ ಗುದ್ದಲಿ ಎತ್ತಕ್ಕಾಗ್ತಿರ್ಲಿಲ್ಲ, ಅದಕ್ಕೇ ಅಪ್ಪ ನಿನ್ನ ಇಸ್ಕೂಲಲ್ಲೇ ಬುಟ್ಟ ಕಣ್ಲಾ" ಎಂದು ಅಣ್ಣ ನಗುತ್ತಾನೆ. ಗಂಗಾಧರನೂ ನಗುತ್ತಾನೆ. ನಾಲ್ಕನೇ ಕ್ಲಾಸಿಗೆ ಅಪ್ಪ ಸ್ಕೂಲು ಬಿಡಿಸುವವರೆಗೆ ಕ್ಲಾಸಿಗೇ ಮೊದಲು ಬರುತ್ತಿದ್ದವನು ಶಶಿಧರ್ ಅನ್ನುವುದನ್ನು ಮಾತ್ರ ಇಬ್ಬರೂ ಬಾಯಿಬಿಟ್ಟು ಹೇಳುವುದಿಲ್ಲ.